ಡೆನ್ಮಾರ್ಕಿನವರಿಗೆ ಮೀಸಲಿಟ್ಟ ಮನೆ

ಕೂಡ್ಲಿಗಿಯಲ್ಲಿ ಯಾವ ಜಾಗಕ್ಕೆ ಯಾವಾಗ ಬೆಲೆ ಏರುತ್ತದೆ ಎಂಬುದು ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಊರು ಕೊಟ್ಟೂರು ರಸ್ತೆಯ ಕಡೆಗೇ ಬೆಳೆಯುತ್ತದೆ ಎಂದು, ಅಲ್ಲಿ ಬರೀ ಜಾಲಿಗಿಡಗಳಿದ್ದ ಕಾಲದಲ್ಲೇ ನಾನು ಸ್ಟಾಫ್ ರೂಮಿನಲ್ಲಿ ಘೋಷಿಸಿದ್ದೆ. ನನ್ನ ಮಾತು ಕೇಳಿದ ಸಹೋದ್ಯೋಗಿಗಳು ಅಲ್ಲಿ ಸೈಟು ಕೊಂಡರು, ಮನೆ ಕಟ್ಟಿದರು, ಮೇಲೊಂದು ಮಹಡಿಯನ್ನೂ ಎಬ್ಬಿಸಿದರು. ನಾನು ಮಾತ್ರ ಕೊಳ್ಳಲಿಲ್ಲ. ಬೆಲೆ ಇನ್ನೊಂದು ಚೂರು ಇಳಿಯಲಿ ಎಂದು ಕಾಯುತ್ತಿದ್ದೆ!

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಅದರಲ್ಲೂ ಭೂಗೋಳವೆಂದರೆ ನನಗೆ ಪ್ರಾಣ. ಹೀಗಿರುವಾಗ ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಕೋಟು ಹಾಕಿಕೊಂಡ ಒಬ್ಬ ಮಹಾಶಯರು ದೊಡ್ಡ ನಗರಗಳಲ್ಲಿ ಆಸ್ತಿಯ ಬೆಲೆ ಏರುವ ಗುಟ್ಟನ್ನು ಹೇಳುತ್ತಿದ್ದರು. ಜಪಾನಿನವರು ಬಂದು ನೆಲೆಸಿದ ಬಡಾವಣೆಗೆ ಜಪಾನಿ ಹೋಟೆಲು ಬರುತ್ತದಂತೆ, ಕೊರಿಯಾದವರು ಬಂದಲ್ಲಿ ಕೊರಿಯಾದ ಅಂಗಡಿ ಬರುತ್ತದಂತೆ. ಅವರ ಹಿಂದೆಯೇ ಅವರ ಬಂಧುಗಳು, ಬಂಧುಗಳ ಹಿಂದೆ ಶಾಲೆ, ಶಾಲೆಯ ಹಿಂದೆ ಬಾಡಿಗೆ. ಆದ್ದರಿಂದ ಬುದ್ಧಿವಂತನಾದವನು ಆಸ್ತಿಗೆ ಕೈ ಹಾಕುವ ಮೊದಲು 'ಅಂತಾರಾಷ್ಟ್ರೀಯ ಸಮುದಾಯ' ಎಲ್ಲಿದೆ ಎಂದು ನೋಡಬೇಕಂತೆ. ಆ ಎರಡು ಪದಗಳು ನನ್ನ ತಲೆಯೊಳಗೆ ಹೊಕ್ಕು ಕೂತವು.

ಮರುದಿನ ಸಂಜೆಯೇ ಆ ಸಮುದಾಯ ನನ್ನ ಕಣ್ಣಿಗೆ ಬಿತ್ತು! ಹೈವೇ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ಎದುರಿನ ಟೇಬಲ್ಲಿನಲ್ಲಿ ಮೂವರು ಬಿಳಿಯರು ಮಿರ್ಚಿ ಕಚ್ಚಿ ಕಣ್ಣೀರು ಸುರಿಸುತ್ತಿದ್ದರು. ನಾನು ಸಕ್ಕರೆ ಡಬ್ಬಿಯನ್ನು ಅವರ ಮುಂದೆ ಸರಿಸಿ, ಇಂಗ್ಲಿಷಿನಲ್ಲಿ ಧೈರ್ಯ ಹೇಳಿ, ಪರಿಚಯ ಮಾಡಿಕೊಂಡೆ. ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದ ಎಂಜಿನಿಯರುಗಳು. ಅವರ ಮುಖ್ಯಸ್ಥನ ಹೆಸರು ಲಾರ್ಸ್. ಊರು ಡೆನ್ಮಾರ್ಕು. ಹರಪನಹಳ್ಳಿ, ಹಡಗಲಿ ಕಡೆಯೆಲ್ಲ ಕೆಲಸವಿದೆ, ಬಹಳ ತಿಂಗಳು ಇರುತ್ತೇವೆ ಎಂದ.

ನಾನು ಬೆರಳು ಮಡಚಿ ಎಣಿಸತೊಡಗಿದೆ. ಇವತ್ತು ಮೂವರು. ನಾಳೆ ಇವರ ಹೆಂಡಿರು ಮಕ್ಕಳು. ನಾಡಿದ್ದು ಅತ್ತೆ ಮಾವಂದಿರು. ಕೂಡ್ಲಿಗಿಯಲ್ಲೊಂದು ಡೆನ್ಮಾರ್ಕ್ ಓಣಿ! ಆ ಓಣಿಗೆ ಮೊದಲ ಮನೆ ಕಟ್ಟಿದವನು ಯಾರು? ಭೂಗೋಳದ ಮೇಷ್ಟ್ರು!

ಜಾಗವೇನೋ ನಮ್ಮ ಮನೆಯಲ್ಲಿ ಇತ್ತು. ಆದರೆ ನನ್ನದಲ್ಲ. ಹೊಸಹಳ್ಳಿಯ ನನ್ನ ಮಾವನವರು ತಮ್ಮ ಮಗಳ, ಅಂದರೆ ನನ್ನ ಹೆಂಡತಿ ರತ್ನಳ ಹೆಸರಿಗೆ ಕೊಟ್ಟೂರು ರಸ್ತೆಯಲ್ಲಿ ಒಂದು ಸೈಟು ಕೊಟ್ಟಿದ್ದರು. ನನ್ನ ಘೋಷಣೆಯನ್ನು ಸರಿಯಾದ ಹೊತ್ತಿಗೆ ಕೇಳಿ ಕೊಂಡವರಲ್ಲಿ ಅವರೂ ಒಬ್ಬರು. ಆ ಸೈಟಿನ ಮೇಲೆ ರತ್ನಳಿಗೆ ಮೊದಲಿನಿಂದಲೂ ಒಂದೇ ಆಸೆ. ರಸ್ತೆಯ ಕಡೆಗೆ ಒಂದು ಖಾನಾವಳಿ, ಹಿಂದೆ ಬಾಡಿಗೆಗೆ ಒಂದು ಪುಟ್ಟ ಮನೆ. ಅವಳು ಜೋಳದ ರೊಟ್ಟಿ ಬಡಿದರೆ ಓಣಿಯವರೆಲ್ಲ ಏನಾದರೂ ನೆಪ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಅಂಥ ಕೈ ಅವಳದು.

ಹೋಟೆಲಿನಿಂದ ಓಡೋಡಿ ಬಂದು ನನ್ನ ಯೋಜನೆಯನ್ನು ಅವಳ ಮುಂದಿಟ್ಟೆ.

"ಫಾರಿನ್ ಮಂದಿ ನಮ್ಮ ಮನ್ಯಾಗ ಬಾಡಿಗಿಗೆ ಇರ್ತಾರಾ?" ಎಂದಳು.

"ನಮ್ಮ ಮನ್ಯಾಗಲ್ಲ. ಅವರಿಗಂತಲೇ ಕಟ್ಟೋ ಮನ್ಯಾಗ."

"ಅವರು ಕೇಳಿದ್ರಾ?"

"ಅವರು ಕೇಳೋದ್ರೊಳಗ ಕಟ್ಟಿದವನೇ ಬುದ್ಧಿವಂತ! ಇದಕ್ಕ ದೂರದೃಷ್ಟಿ ಅಂತಾರ."

"ಹತ್ತಿರದ್ದು ನಿಮಗ ಕಾಣಂಗಿಲ್ಲ ಬಿಡ್ರಿ," ಎಂದು ಅವಳು ಹಿಟ್ಟು ನಾದುವುದಕ್ಕೆ ಹೋದಳು. ನಾನೂ ಬಿಡಲಿಲ್ಲ. ವಾರಗಟ್ಟಲೆ ಜಪಾನು, ಕೊರಿಯಾ ಎಂದು ಪಾಠ ಮಾಡಿದೆ. ಕೊನೆಗೆ ಅವಳು ಒಪ್ಪಿದಳು. ಒಪ್ಪಿದಳು ಎನ್ನುವುದಕ್ಕಿಂತ ಪಾಠ ಕೇಳಿ ಕೇಳಿ ಸಾಕಾಗಿ ಕೈ ಚೆಲ್ಲಿದಳು. ಆದರೆ ಒಂದು ಷರತ್ತು. ಯುಗಾದಿಯೊಳಗೆ ನನ್ನ ಫಾರಿನ್ ಮಂದಿ ಆ ಮನೆಗೆ ಬಾಡಿಗೆಗೆ ಬರಬೇಕು. ಬರದಿದ್ದರೆ ಯುಗಾದಿಯ ಮರುದಿನವೇ ಮನೆ ಅವಳ ಕೈಗೆ. ಆಮೇಲೆ ಅವಳು ಏನು ಮಾಡಿದರೂ ನಾನು ತುಟಿ ಬಿಚ್ಚುವಂತಿಲ್ಲ. ಕಟ್ಟಡದ ಮೇಸ್ತ್ರಿ ಮಾಬುಸಾಬರನ್ನೇ ಸಾಕ್ಷಿಗೆ ನಿಲ್ಲಿಸಿ ನನ್ನಿಂದ ಮಾತು ತೆಗೆದುಕೊಂಡಳು. ನಾನು ನಗುನಗುತ್ತಾ ಕೊಟ್ಟೆ. ಗೆಲ್ಲುವವನು ಮಾತು ಕೊಡಲು ಯಾಕೆ ಹೆದರಬೇಕು?

ಮನೆ ಕಟ್ಟುವ ಕೆಲಸ ಸಾಂಗವಾಗಿ ಪ್ರಾರಂಭವಾಯಿತು. ಮಾಬುಸಾಬರು ನಮ್ಮ ಭಾಗದಲ್ಲಿ ಒಳ್ಳೆಯ ಹೆಸರಿರುವ ಮೇಸ್ತ್ರಿ. ಆದರೆ ಅವರು ಡೆನ್ಮಾರ್ಕು ನೋಡಿದವರಲ್ಲ. ನಾನೂ ನೋಡಿದವನಲ್ಲ, ಆದರೆ ಪಾಠ ಮಾಡಿದವನು!

"ಮಾಬುಸಾಬ್, ಹಾಲ್ ರೂಮಿನಾಗ ಒಂದು ಬೆಂಕಿಗೂಡು ಬರಬೇಕು," ಎಂದೆ.

"ಬೆಂಕಿಗೂಡಾ? ಅದ್ಯಾಕ್ರಿ ಸರ?"

"ಅವರ ದೇಶದಾಗ ಚಳಿ ಜಾಸ್ತಿ. ಸಂಜೀಕ ಮನಿಮಂದಿಯೆಲ್ಲ ಬೆಂಕಿ ಮುಂದ ಕೂತು ಮಾತಾಡ್ತಾರ."

ಮಾಬುಸಾಬರು ಹೆಗಲ ಮೇಲಿನ ಟವೆಲಿನಿಂದ ಮುಖದ ಬೆವರು ಒರೆಸಿಕೊಂಡರು. "ಸರ, ನಮ್ಮೂರಾಗ ಬ್ಯಾಸಗಿಗೆ ಗ್ವಾಡಿ ಮುಟ್ಟಿದ್ರ ಕೈ ಸುಡ್ತೈತಿ. ಬೆಂಕಿ ಹಚ್ಚಿ ಒಳಗ ಕುಂದರ್ತಾರಾ?"

"ಅವರಿಗೆ ಊರಿನ ನೆನಪು ಕಾಡಬಾರದು ಮಾಬುಸಾಬ್. ಮನಶ್ಶಾಸ್ತ್ರ!"

ಮನಶ್ಶಾಸ್ತ್ರ ಎಂದಮೇಲೆ ಅವರು ಕರಣಿ ಎತ್ತಿಕೊಂಡರು. ಬೆಂಕಿಗೂಡು ಎದ್ದು ನಿಂತಿತು. ಡೆನ್ಮಾರ್ಕಿನಲ್ಲಿ ಬಿಸಿಲಿಗೆ ಬಡತನ ಎಂದು ಪಡುವಣ ದಿಕ್ಕಿನ ಗೋಡೆಗೆ ಉದ್ದಕ್ಕೂ ಗಾಜಿನ ಕಿಟಕಿ ಇಡಿಸಿದೆ. ಮಧ್ಯಾಹ್ನ ಮೂರರ ಮೇಲೆ ಆ ಕೋಣೆಯಲ್ಲಿ ಹಪ್ಪಳ ಒಣಗಿಸಬಹುದಿತ್ತು. ಸ್ನಾನದ ತೊಟ್ಟಿ, ಅದೇ ಬಾತ್‌ಟಬ್, ನಾನೇ ಹುಬ್ಬಳ್ಳಿಗೆ ಹೋಗಿ ಟೆಂಪೋದಲ್ಲಿ ತಂದೆ. ಅದನ್ನು ಇಳಿಸುವಾಗ ಓಣಿಯ ಜನ ಸುತ್ತ ನಿಂತು ನೋಡಿದರು. ಕುರಿಗಳಿಗೆ ನೀರು ಕುಡಿಸುವುದಕ್ಕೆ ಚೆನ್ನಾಗಿದೆ ಎಂಬ ಅಭಿಪ್ರಾಯ ವ್ಯಕ್ತವಾಯಿತು. ದೇವರ ಗೂಡು ಬೇಡವೆಂದೆ. ಅವರ ದೇವರು ಯಾವುದೋ, ನಾವು ಮುಂದಾಗಿ ಗೂಡು ಮಾಡುವುದು ಸರಿಯಲ್ಲ.

ರತ್ನ ಒಮ್ಮೆ ಮಾತ್ರ ಬಂದು ನೋಡಿದಳು. ರಸ್ತೆಯ ಕಡೆ ಅವಳು ಖಾನಾವಳಿ ಎಂದುಕೊಂಡಿದ್ದ ಜಾಗದಲ್ಲಿ ನಾನು ಹುಲ್ಲುಹಾಸು ಮಾಡಿಸುತ್ತಿದ್ದೆ.

"ಇಲ್ಲಿ ಒಂದು ಶೆಟರ್ ಆದ್ರೂ ಇಡಸ್ರಿ. ಮುಂದ ಉಪಯೋಗಕ್ಕ ಬರ್ತೈತಿ," ಎಂದಳು.

"ಶೆಟರ್ ಇರೋ ಮನಿಗೆ ಡೆನ್ಮಾರ್ಕಿನವರು ಬರಂಗಿಲ್ಲ."

ಅವಳು ಹುಲ್ಲನ್ನು ಕಾಲಿನಿಂದ ಒತ್ತಿ ನೋಡಿ, "ಯುಗಾದಿ ದೂರೇನಿಲ್ಲ ಬಿಡ್ರಿ," ಎಂದು ಹೊರಟುಹೋದಳು.

ನಾನು ಹುಬ್ಬಳ್ಳಿಗೆ ಹೋಗುವ ಮುಂಚೆಯೇ ಒಬ್ಬ ಬಾಡಿಗೆದಾರ ತಾನಾಗಿಯೇ ಬಂದಿದ್ದ. ಬಸ್ ಸ್ಟ್ಯಾಂಡ್ ಮುಂದೆ ಎಗ್ ರೈಸ್ ಗಾಡಿ ಇಟ್ಟಿರುವ ನೇಪಾಳದ ಗಣೇಶ. ಬಂದು ಹಲವು ವರ್ಷವಾದ್ದರಿಂದ ನಮ್ಮ ಕಡೆಯ ಮಾತು ಅವನ ಬಾಯಲ್ಲಿ ನೀರಾಗಿ ಹರಿಯುತ್ತದೆ. ಹೆಂಡತಿ, ಇಬ್ಬರು ಮಕ್ಕಳು.

"ಸರ, ಮನಿ ಬಾಡಿಗಿಗೆ ಐತಂತಲ್ರಿ. ನಾವು ಈಗ ಇರೋದು ಒಂದ ಖೋಲಿ. ಹುಡುಗ್ರಿಗೆ ಓದಾಕ ಜಾಗಿಲ್ಲ. ನಮಗ ಕೊಡ್ರಿ ಸರ, ಸ್ವಚ್ಛ ಇಟ್ಕಂತೀವಿ."

ನಾನು ಅವನ ಹೆಗಲ ಮೇಲೆ ಕೈಯಿಟ್ಟು ಮೃದುವಾಗಿ ತಿಳಿಸಿದೆ: "ಗಣೇಶ, ಬ್ಯಾಸರ ಮಾಡ್ಕಬ್ಯಾಡ. ಈ ಮನಿ ಹೊರದೇಶದವರಿಗೆ ಮಾತ್ರ."

ಅವನು ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿದ. ಬಾಯಿ ಮುಚ್ಚಿದ. "ಆತು ಬಿಡ್ರಿ ಸರ, ನೀವು ದೊಡ್ಡೋರು," ಎಂದು ನಗುತ್ತಾ ಹೋದ. ನಿರಾಶೆಯಾದರೂ ನಗುವ ಒಳ್ಳೆಯ ಮನುಷ್ಯ ಎಂದುಕೊಂಡೆ.

ಮನೆ ಮುಗಿಯಿತು. ಲಾರ್ಸನಿಗೆ ಮನೆ ತೋರಿಸುವುದೊಂದೇ ಬಾಕಿ. ಹೋಟೆಲಿನಲ್ಲಿ ಸಿಕ್ಕಾಗ, "ಹೊಸ ಮನೆ ಕಟ್ಟಿದ್ದೇನೆ, ಭಾನುವಾರ ನೀವೆಲ್ಲ ಬಂದು ನೋಡಬೇಕು," ಎಂದೆ. ಬಾಡಿಗೆಯ ಮಾತು ಎತ್ತಲಿಲ್ಲ. ಹೋಟೆಲಿನಲ್ಲಿ ನಿಂತುಕೊಂಡು ಬಾಡಿಗೆ ಮಾತಾಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಅವನು ಬಹಳ ಸಂತೋಷಪಟ್ಟು ನನ್ನ ಕೈ ಕುಲುಕಿದ.

ಮನೆಗೆ ಬಂದು ಹೇಳಿದರೆ ರತ್ನ ಹುಬ್ಬೇರಿಸಿದಳು.

"ಹಾಲು ಉಕ್ಕಿಸದ ಹೊಸ ಮನ್ಯಾಗ ಹೊರಗಿನೋರನ್ನ ಅಡ್ಡಾಡಸ್ತೀರಾ? ಯಾರರ ಕೇಳಿದ್ರ ಏನಂದಾರು?"

ಇದು ನನಗೂ ನಾಟಿತು. ನಮ್ಮ ಕಡೆ ಗೃಹಪ್ರವೇಶವಾಗದೆ ಹೊಸ ಮನೆಯೊಳಗೆ ಅತಿಥಿಗಳನ್ನು ಬಿಡುವುದುಂಟೆ? ಎಷ್ಟೇ ದೂರದೃಷ್ಟಿಯಿದ್ದರೂ ಪದ್ಧತಿ ಎನ್ನುವುದೊಂದಿದೆಯಲ್ಲ! ಸರಿ, ಭಾನುವಾರ ಬೆಳಿಗ್ಗೆ ಗೃಹಪ್ರವೇಶ, ಮಧ್ಯಾಹ್ನ ಡೆನ್ಮಾರ್ಕಿನವರಿಗೆ ಮನೆ ತೋರಿಸುವುದು. ಒಂದೇ ಚಪ್ಪರದಲ್ಲಿ ಎರಡು ಕಾರ್ಯ! ಇಷ್ಟು ಚೊಕ್ಕವಾದ ಯೋಜನೆಯನ್ನು ಯಾರೂ ಮಾಡಿರಲಿಕ್ಕಿಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಭಾನುವಾರ ಹೊಸಹಳ್ಳಿಯಿಂದ ಬೀಗರು ಬಂದರು, ಕೊಟ್ಟೂರಿನಿಂದ ಬಂಧುಗಳು ಬಂದರು, ನಮ್ಮ ಶಾಲೆಯ ಸ್ಟಾಫ್ ಪೂರ್ತಿ ಬಂತು. ಹಾಲು ಉಕ್ಕಿತು. ಅಯ್ಯನವರು ಪೂಜೆಗೆ ಕೂತು, "ದೇವರ ಗೂಡು ಎಲ್ಲೈತ್ರಿ ಮೇಷ್ಟ್ರ?" ಎಂದರು. ನಾನು ತಡವರಿಸುವಷ್ಟರಲ್ಲಿ ನನ್ನ ಅತ್ತೆಯವರು, "ಇಲ್ಲೇ ಐತಲ್ರಿ, ಎಷ್ಟ್ ದೊಡ್ಡದು ಮಾಡ್ಸ್ಯಾರ ನಮ್ಮ ಅಳಿಯಂದ್ರು!" ಎಂದು ಬೆಂಕಿಗೂಡಿನಲ್ಲಿ ದೇವರ ಫೋಟೋ ಇಟ್ಟು, ಹೂ ಹಾಕಿ, ದೀಪ ಹಚ್ಚಿಯೇ ಬಿಟ್ಟರು. ಬಂಧುಗಳೆಲ್ಲ ಇಷ್ಟು ಭವ್ಯವಾದ ದೇವರ ಗೂಡು ಈ ಸೀಮೆಯಲ್ಲಿಲ್ಲ ಎಂದು ಹೊಗಳಿದರು. ನನ್ನ ದೈವಭಕ್ತಿಯ ಬಗ್ಗೆ ಅವರಿಗಿದ್ದ ಅನುಮಾನ ಅವತ್ತು ನೀಗಿತು.

ಮಧ್ಯಾಹ್ನ ಲಾರ್ಸ್ ಮತ್ತು ಅವನ ಇಬ್ಬರು ಸಂಗಡಿಗರು ಬಂದರು. ಇಸ್ತ್ರಿ ಮಾಡಿದ ಅಂಗಿ, ತೀಡಿ ಬಾಚಿದ ತಲೆ. ಬಾಗಿಲಲ್ಲೇ ಶೂ ಬಿಟ್ಟರು. ಹೆಂಗಸರು ಓಡಿಬಂದು ಹಣೆಗೆ ಕುಂಕುಮ ಹಚ್ಚಿದರು. ನನ್ನ ಮಾವನವರು ಯಾರ ಅಪ್ಪಣೆಗೂ ಕಾಯದೆ ಮೂವರಿಗೂ ಶಾಲು ಹೊದಿಸಿ ಹಾರ ಹಾಕಿದರು. ಬೇಸಿಗೆಯ ಆ ಬಿಸಿಲಿನಲ್ಲಿ, ಆ ಗಾಜಿನ ಕಿಟಕಿಯ ಮುಂದೆ, ಶಾಲು! ಲಾರ್ಸನ ಮುಖ ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ಅದಕ್ಕೆ ಹೆಸರಿಲ್ಲದ ಒಂದು ಬಣ್ಣ ಬಂತು.

ನಾನು ಮುಂದಾಗಿ, "ಬನ್ನಿ, ಇದು ನಿಮ್ಮ ದೇಶದ ಪದ್ಧತಿಯಂತೆಯೇ," ಎಂದು ಬೆಂಕಿಗೂಡಿನ ಕಡೆ ಕೈ ತೋರಿಸಿದೆ. ಮೂವರೂ ದೀಪ ನೋಡಿದರು, ಹೂವು ನೋಡಿದರು, ದೇವರ ಫೋಟೋ ನೋಡಿದರು. ಭಕ್ತಿಯಿಂದ ಕೈ ಮುಗಿದರು. ಒಬ್ಬನಂತೂ ಬಗ್ಗಿ ಹಣೆಯನ್ನೇ ಮುಟ್ಟಿಸಿದ!

ಹೋಗಲಿ, ಬಾತ್‌ಟಬ್ ತೋರಿಸಿದರೆ ಮನಸ್ಸು ಕರಗುತ್ತದೆ ಎಂದು ಬಚ್ಚಲಿನ ಬಾಗಿಲು ತೆರೆದೆ. ಬಾತ್‌ಟಬ್ಬಿನ ತುಂಬ ಮಜ್ಜಿಗೆ! ಮೇಲೆ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ತೇಲುತ್ತಿವೆ. ಮೂಲೆಯಲ್ಲಿ ಅಡುಗೆಯವನು ತಂಬಿಗೆಯಿಂದ ಕಲಕುತ್ತಾ ನಿಂತಿದ್ದಾನೆ.

"ಏನ್ ಮಾಡೀಯೋ ಇದು?" ಎಂದು ಚೀರಿದೆ.

"ಇಷ್ಟು ಮಂದಿಗೆ ಕೊಪ್ಪರಿಗಿ ಸಾಲಲಿಲ್ರಿ ಸರ. ಇದು ಹೊಸಾದೈತಿ, ತಂಪೂ ಐತಿ. ತೊಳದ ಹಾಕೀನ್ರಿ!"

ಲಾರ್ಸ್ ಬಗ್ಗಿ ನೋಡಿ, "ಇದೂ ಪೂಜೆಯ ಭಾಗವೇ?" ಎಂದು ಪಿಸುಗುಟ್ಟಿದ. ಹೌದು ಎಂದೆ. ಇನ್ನೇನು ಹೇಳಲಿ?

ಊಟಕ್ಕೆ ಪಂಕ್ತಿಯಲ್ಲಿ ಕೂರಿಸಿದರು. ರತ್ನ ತಾನೇ ಬಡಿಸಿದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ. ಮಿರ್ಚಿಗೆ ಅತ್ತಿದ್ದ ಆ ಲಾರ್ಸ್ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡ. ಇದನ್ನು ಯಾರು ಮಾಡಿದ್ದು ಎಂದು ಕೇಳಿದ. ರತ್ನಳ ಮುಖ ಅರಳಿದ್ದನ್ನು ನಾನು ನೋಡಿದೆ. ನೋಡಿಯೂ ಅದಕ್ಕೇನೂ ಅರ್ಥ ಹಚ್ಚಲಿಲ್ಲ. ನನ್ನ ಗಮನವೆಲ್ಲ ಬಾಡಿಗೆಯ ಮಾತು ಎತ್ತುವ ಮುಹೂರ್ತದ ಮೇಲಿತ್ತು.

ಊಟವಾಯಿತು. ಎಲೆಅಡಿಕೆ ಆಯಿತು. ನಾನು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಬಂಧುಗಳು ಒಬ್ಬೊಬ್ಬರಾಗಿ ಆಯೇರಿ ಮಾಡಲು ಎದ್ದರು. ಯಾರೋ ಸೀರೆ ಕೊಟ್ಟರು, ಯಾರೋ ಟವೆಲು, ಯಾರೋ ಸ್ಟೀಲ್ ಪಾತ್ರೆ. ಮೂವರು ಬಿಳಿಯರೂ ಗಂಭೀರವಾಗಿ ಸಾಲಿನಲ್ಲಿ ಬಂದು ನಿಂತರು! ಜೀಪಿನಿಂದ ಒಂದು ಪೆಟ್ಟಿಗೆ ತರಿಸಿ ನನ್ನ ಕೈಗಿಟ್ಟರು. ತೆರೆದರೆ ಮೇಜಿನ ಮೇಲಿಡುವ ಪುಟ್ಟ ಗಾಳಿಯಂತ್ರ. ಊದಿದರೆ ತಿರುಗುತ್ತದೆ. ಬಂದವರೆಲ್ಲ ಊದಿ ನೋಡಿದರು.

ಇನ್ನು ಬಿಟ್ಟರೆ ಕೆಟ್ಟೆ ಎಂದು ನಾನು ಲಾರ್ಸನನ್ನು ಪಕ್ಕಕ್ಕೆ ಎಳೆದು, "ಬಾಡಿಗೆ..." ಎನ್ನುವ ಮೊದಲೇ ನನ್ನ ಮಾವನವರು ನನ್ನ ತೋಳು ಹಿಡಿದರು.

"ಏನಪ್ಪಾ, ಶಾಲು ಹೊದಿಸಿ, ಉಣ್ಣಾಕ ನೀಡಿ, ಆಯೇರಿ ಇಸ್ಗಂಡು, ಈಗ ಅವರ ಹತ್ರ ಬಾಡಿಗಿ ಮಾತಾಡ್ತೀಯಾ? ನಮ್ಮ ಮಾನ ಉಳಸ್ತೀಯೋ ಇಲ್ಲೋ?"

ನ್ಯಾಯವಾದ ಮಾತು. ನಾನೇ ಕಟ್ಟಿಸಿದ ಮನೆಯಲ್ಲಿ, ನಾನೇ ಕರೆದ ಗಿರಾಕಿಗಳು, ನನ್ನದೇ ಖರ್ಚಿನಲ್ಲಿ ಅತಿಥಿಗಳಾಗಿಬಿಟ್ಟಿದ್ದರು! ಅತಿಥಿಯ ಹತ್ತಿರ ಬಾಡಿಗೆ ಕೇಳುವ ಗಂಡಸು ನಮ್ಮ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಕೊನೆಗೆ ಸುತ್ತಿ ಬಳಸಿ, "ಮನೆ ಹೇಗಿದೆ? ಇಂಥ ಮನೆಯಲ್ಲಿ ಇರಬೇಕು ಅನ್ನಿಸುತ್ತದೆಯೇ?" ಎಂದು ಕೇಳಿದೆ.

ಲಾರ್ಸನ ಕಣ್ಣು ತುಂಬಿ ಬಂತು. "ಬಹಳ ಸುಂದರವಾಗಿದೆ. ನೀವೂ ನಿಮ್ಮ ಹೆಂಡತಿಯೂ ಈ ಮನೆಯಲ್ಲಿ ಸುಖವಾಗಿ ಬಾಳಿರಿ," ಎಂದು ನನ್ನನ್ನು ಅಪ್ಪಿಕೊಂಡ. ಶಾಲು ಮಡಚಿ ಬಗಲಲ್ಲಿಟ್ಟುಕೊಂಡು ಜೀಪು ಹತ್ತಿದ.

ಸಂಜೆ ಎಲ್ಲರೂ ಹೋದಮೇಲೆ ರತ್ನ ಹುಲ್ಲುಹಾಸಿನ ಅಂಚಿನಲ್ಲಿ ಕೂತಿದ್ದಳು. ಹುಲ್ಲು ಅರ್ಧ ಒಣಗಿತ್ತು. ನಗುತ್ತಾಳೆಂದು ನಾನು ತಯಾರಾಗಿಯೇ ಹೋದೆ. ಅವಳು ನಗಲಿಲ್ಲ.

"ಅಪ್ಪ ನನ್ನ ಹೆಸರಿಗೆ ಮಾಡಿದ ಜಾಗ ರೀ ಇದು. ಇಲ್ಲೊಂದು ನನ್ನ ಒಲಿ ಹಚ್ಚಬೇಕು, ನಾಕು ಮಂದಿ ಬಂದು ಉಣ್ಣಬೇಕು. ಇಷ್ಟ ನನ್ನ ಆಸಿ. ಇವತ್ತು ಅವರು ಉಣ್ಣೋದು ನೋಡಿ ಆ ಆಸಿ ಮತ್ತ ಎದ್ದು ಕುಂತು ಬಿಡ್ತು ನೋಡ್ರಿ."

ನನಗೆ ನಿಜವಾಗಿ ನಾಚಿಕೆಯಾಯಿತು. ಎಷ್ಟೋ ದೇಶಗಳವರಿಗೆ ಏನು ಬೇಕೆಂದು ಯೋಚಿಸಿದವನು ಪಕ್ಕದಲ್ಲಿರುವವಳಿಗೆ ಏನು ಬೇಕೆಂದು ಕೇಳಿರಲಿಲ್ಲ. ಆದರೂ ಯುಗಾದಿಗೆ ಇನ್ನೂ ದಿನಗಳಿದ್ದವು. ಗಂಡಸಿನ ನಾಚಿಕೆಗೆ ಆಯುಷ್ಯ ಕಡಿಮೆ! ಮರುವಾರ ಬಸ್ ಹತ್ತಿ, ನಡೆದು, ಹರಪನಹಳ್ಳಿ ಕಡೆಯ ಗುಡ್ಡದ ಮೇಲೆ ಲಾರ್ಸನ ಕೆಲಸದ ಜಾಗಕ್ಕೇ ಹೋದೆ. ಅಲ್ಲಿ ಮಾವನವರು ಇರಲಿಲ್ಲ. ಆದ್ದರಿಂದ ನೇರವಾಗಿಯೇ ಕೇಳಿದೆ: "ಆ ಮನೆ ನಿಮಗೆ ಬಾಡಿಗೆಗೆ ಬೇಕೆ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅದು ನಿಮ್ಮ ಸಂಸಾರದ ಮನೆಯಲ್ಲವೇ? ದೇವರನ್ನು ಬೇರೆ ಇಟ್ಟಿದ್ದೀರಿ!" ಎಂದ. ಆಮೇಲೆ ಬೇಸರದಿಂದ ತಲೆಯಾಡಿಸಿದ. ಅವರಿಗೆ ಕಂಪನಿಯೇ ಹೊಸಪೇಟೆಯಲ್ಲಿ ವಸತಿ ಕೊಟ್ಟಿದೆಯಂತೆ. ಅಲ್ಲದೆ ಇಲ್ಲಿನ ಕೆಲಸ ಎಣಿಸಿದ್ದಕ್ಕಿಂತ ಬೇಗ ಮುಗಿಯುತ್ತಿದೆ, ಮುಂದಿನ ತಿಂಗಳು ಬೇರೆ ರಾಜ್ಯಕ್ಕೆ ಹೊರಡುತ್ತಾರಂತೆ. ನಾನು ತಲೆಯೆತ್ತಿ ನೋಡಿದೆ. ಅಷ್ಟೆತ್ತರದ ಯಂತ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು. ಒಮ್ಮೆ ನಿಲ್ಲಿಸಿದ ಮೇಲೆ ಅವುಗಳನ್ನು ತಿರುಗಿಸಲು ಗಾಳಿ ಸಾಕು, ಡೆನ್ಮಾರ್ಕಿನವರು ಬೇಕಿಲ್ಲ ಎಂಬುದು ವಿಜ್ಞಾನದ ಮೇಷ್ಟ್ರಿಗೆ ಗೊತ್ತಿರುವ ಸಂಗತಿ. ನಾನು ಸಮಾಜ ವಿಜ್ಞಾನ.

ನಾನು ಗುಡ್ಡ ಇಳಿಯುವಾಗ ಲಾರ್ಸ್ ಮೇಲಿನಿಂದ ಕೂಗಿ ಕೇಳಿದ, "ನಿಮ್ಮ ಹೆಂಡತಿ ಆ ರೊಟ್ಟಿಗಳನ್ನು ಮಾರುತ್ತಾರೆಯೇ?"

ಯುಗಾದಿ ಬಂತು. ಬೇವುಬೆಲ್ಲದಲ್ಲಿ ನನ್ನ ಪಾಲಿಗೆ ಬೇವೇ ಜಾಸ್ತಿ ಬಿದ್ದಿತ್ತೆಂದು ನನ್ನ ಬಲವಾದ ಗುಮಾನಿ. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುವುದರೊಳಗೆ ಮಾಬುಸಾಬರು ಹಾರೆ ಹಿಡಿದು ಸೈಟಿನಲ್ಲಿ ಹಾಜರ್. ಹುಲ್ಲುಹಾಸು ಹೋಯಿತು. ಅಲ್ಲಿ ಖಾನಾವಳಿಯ ಗೋಡೆ ಎದ್ದಿತು, ಶೆಟರ್ ಬಂತು. ಪಡುವಣದ ಗಾಜಿನ ಕಿಟಕಿಯನ್ನು ಅರ್ಧಕ್ಕೂ ಹೆಚ್ಚು ಇಟ್ಟಿಗೆಯಿಂದ ಮುಚ್ಚಿದರು. ಬೆಂಕಿಗೂಡಿಗೆ ಮಾತ್ರ ಕೈ ಹಚ್ಚಲಿಲ್ಲ. ದೇವರು ಕೂತ ಜಾಗ ಕೆಡವುವುದುಂಟೆ! ಬಾತ್‌ಟಬ್ ಖಾನಾವಳಿಯ ಹಿಂದೆ ಪಾತ್ರೆ ತೊಳೆಯುವ ತೊಟ್ಟಿಯಾಯಿತು. ನಾನು ತುಟಿ ಬಿಚ್ಚಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ಹಿಂದಿನ ಮನೆಗೆ ಬಾಡಿಗೆಗೆ ಬಂದವನು ಗಣೇಶ. ರತ್ನ ಅವನಿಗೆ ಯಾವಾಗಲೋ ಮಾತು ಕೊಟ್ಟಿದ್ದಳಂತೆ. ಯಾವಾಗ ಎಂದು ಕೇಳಿದರೆ, "ನೀವು ಹುಬ್ಬಳ್ಳಿಗೆ ತೊಟ್ಟಿ ತರಾಕ ಹೋದಾಗ," ಎಂದಳು. ಬಾಡಿಗೆ ಕರಾರಿನ ಕೆಲಸವನ್ನಾದರೂ ನಾನೇ ಮಾಡುತ್ತೇನೆ, ಓದಿದವರು ಮಾಡುವ ಕೆಲಸ ಅದು ಎಂದು ಮುಂದೆ ಬಿದ್ದೆ. ಕನ್ನಡಕ ಏರಿಸಿ, ಕೈ ಚಾಚಿ, "ಎಲ್ಲಿ, ಆಧಾರ್ ಕಾರ್ಡ್ ತಗೀಪ್ಪ," ಎಂದೆ.

"ಆಧಾರ್ ಇಲ್ರಿ ಸರ."

"ಯಾಕಿಲ್ಲ? ಈಗಿನ ಕಾಲದಾಗ ಎಲ್ಲಾರ ಹತ್ರನೂ ಐತಿ."

"ನಮ್ಮದು ಬ್ಯಾರೆ ದೇಶ ಅಲ್ರಿ ಸರ. ನೇಪಾಳ."

ಖಾನಾವಳಿಯ ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು, ರತ್ನ ಬಾಗಿಲಿಗೆ ಬಂದಳು. ಮಾಬುಸಾಬರು ಕರಣಿ ಕೆಳಗಿಟ್ಟರು. ಮೂವರೂ ನನ್ನನ್ನೇ ನೋಡುತ್ತಿದ್ದರು. ವರ್ಷ ವರ್ಷವೂ ಭಾರತದ ನೆರೆಯ ರಾಷ್ಟ್ರಗಳನ್ನು ಹೆಸರಿಸಿ ಎಂದು ಪ್ರಶ್ನೆ ಕೊಟ್ಟು, ನೇಪಾಳ ಬಿಟ್ಟವರಿಗೆ ಮಾರ್ಕು ಕಳೆದವನು ನಾನು! ಅಂತಾರಾಷ್ಟ್ರೀಯ ಸಮುದಾಯವು ತಾನಾಗಿ ನನ್ನ ಮನೆ ಬಾಗಿಲಿಗೆ ಬಂದು ಮನೆ ಕೊಡಿ ಎಂದು ಬೇಡಿದಾಗ, ಇದು ಹೊರದೇಶದವರಿಗೆ ಮಾತ್ರ ಎಂದು ವಾಪಸ್ ಕಳಿಸಿದವನೂ ನಾನೇ!

"ಅವತ್ತು ಯಾಕೋ ಹೇಳಲಿಲ್ಲ ನೀನು?" ಎಂದೆ ಕ್ಷೀಣವಾಗಿ.

"ನಿಮಗ ಗೊತ್ತಿರ್ತೈತಿ ಅಂದ್ಕಂಡೆ ಸರ. ನೀವು ಭೂಗೋಳದ ಮೇಷ್ಟ್ರು ಅಲ್ರಿ?"

ರತ್ನ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಅವಳ ನಗು ಮಾತ್ರ ಓಡದೆ ಬಹಳ ಹೊತ್ತು ಹೊರಗೇ ಕೇಳುತ್ತಿತ್ತು.

ನಿಜ ಹೇಳಬೇಕೆಂದರೆ ನನ್ನ ಸಿದ್ಧಾಂತದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ, ಇದನ್ನು ನಾನು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಗಣೇಶ ಬಂದ. ಅವನ ಹಿಂದೆ ಅವನ ಹೆಂಡತಿಯ ತಮ್ಮ ಬಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ. ಅವನ ಹಿಂದೆ ಅವರ ಊರಿನ ಇನ್ನೆರಡು ಸಂಸಾರಗಳು ಕೊಟ್ಟೂರಿಗೂ ಹಗರಿಬೊಮ್ಮನಹಳ್ಳಿಗೂ ಬಂದು, ಕೂಡ್ಲಿಗಿಯೇ ವಾಸಿ ಎಂದು ಈ ಕಡೆ ಮನೆ ಹುಡುಕತೊಡಗಿದವು. ಮಕ್ಕಳು ನಮ್ಮ ಶಾಲೆಗೇ ಸೇರಿದರು. ಗಾಳಿಯಂತ್ರಗಳ ರಿಪೇರಿಗೆ ಆಗೀಗ ಬರುವ ಬಿಳಿಯರು ಲಾರ್ಸ್ ಹೇಳಿದ ಗುರುತು ಹಿಡಿದು ಖಾನಾವಳಿಗೇ ಬಂದು ರೊಟ್ಟಿ ತಿನ್ನುತ್ತಾರೆ. ನೋಡಿ, ಕೋಟು ಹಾಕಿಕೊಂಡ ಮಹಾಶಯರು ಹೇಳಿದ್ದೆಲ್ಲ ಅಕ್ಷರಶಃ ನಡೆಯಿತು. ಮೊದಲ ಮನೆ ಕಟ್ಟಿದವನೂ ನಾನೇ.

ಮೊನ್ನೆ ಖಾನಾವಳಿ ಪಕ್ಕದ ಸೈಟು ಮಾರಾಟಕ್ಕೆ ಬಂದಿತು. ಶಾಲೆ ಮುಗಿಸಿ ಬರುತ್ತೇನೆ, ಆ ಸೈಟಿನ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ರತ್ನ, ಗಣೇಶ, ಅವನ ಹೆಂಡತಿ, ಮಾಬುಸಾಬರು ಸಭೆ ನಡೆಸುತ್ತಿದ್ದಾರೆ. ನನಗೆ ಕುರ್ಚಿ ಇರಲಿಲ್ಲ.

"ನಮ್ಮೋರಿಗೆ ದೊಡ್ಡ ಮನಿ ಬ್ಯಾಡ ಅಕ್ಕ. ಎರಡು ಸಣ್ಣ ಮನಿ, ನೀರು ಚಲೋ ಇರ್ಬೇಕು, ಸಾಲಿ ಹತ್ರ ಇರ್ಬೇಕು. ಈ ಜಾಗ ಬಿಡಬ್ಯಾಡ್ರಿ," ಎಂದು ಗಣೇಶ ಹೇಳುತ್ತಿದ್ದ. ರತ್ನ ತಲೆಯಾಡಿಸುತ್ತಿದ್ದಳು.

ಇಂಥ ಗಂಭೀರವಾದ ನಿರ್ಧಾರದಲ್ಲಿ ನನ್ನಂಥವನು ಸುಮ್ಮನಿರುವುದು ಸರಿಯಲ್ಲ. ಎದೆ ಸೆಟೆಸಿ ನಿಂತು, "ನೋಡು ರತ್ನಾ, ಆಸ್ತಿಗೆ ಕೈ ಹಾಕೋ ಮೊದಲು ಅಂತಾರಾಷ್ಟ್ರೀಯ ಸಮುದಾಯದ ಬಗ್ಗೆ..." ಎಂದು ಶುರು ಮಾಡಿದೆ.

"ಅವರನ್ನ ಕೇಳೇ ಮಾಡಾಕತ್ತೀನ್ರಿ," ಎಂದಳು ರತ್ನ. "ನೀವು ಒಂದೀಟು ಆ ಟೇಪಿನ ತುದಿ ಹಿಡ್ಕರಿ. ಅಳತಿ ತಗಂಬೇಕು."

ಹಿಡಿದುಕೊಂಡೆ. ಮಾಬುಸಾಬರು ಇನ್ನೊಂದು ತುದಿ ಹಿಡಿದು ದೂರ ದೂರ ಹೋದರು. ನಾನು ಇದ್ದಲ್ಲೇ ಬಗ್ಗಿ ನಿಂತಿದ್ದೆ.

"ಅಲುಗಾಡಬ್ಯಾಡ್ರಿ ಸರ!" ಎಂದು ಅಲ್ಲಿಂದ ಕೂಗಿದರು.

ಅಲುಗಾಡಲಿಲ್ಲ!